ಚಪಾತಿ ಯಾಕೆ ದುಂಡಗಿರುತ್ತೆ? ಚಿಕ್ಕ ಮಕ್ಕಳಿಗೆ ರೇಖಾಗಣಿತ ಕಲಿಸಲು ಒಂದು ಸಮಗ್ರ ಮಾರ್ಗದರ್ಶಿ

ಚಪಾತಿ ವೃತ್ತ, ಕರಿಹಲಗೆ ಆಯತ, ಸಮೋಸ ತ್ರಿಭುಜ. ನಿತ್ಯಜೀವನದ ರೇಖಾಗಣಿತ ಅಂದರೆ ಎಷ್ಟೋ ಕ್ಲಾಸುಗಳಲ್ಲಿ ನಡೆಯುವುದು ಇಷ್ಟೇ. ಮಕ್ಕಳು ಒಟ್ಟಿಗೆ ಕೂಗುತ್ತಾರೆ, ನಾವು "ಗುಡ್" ಅಂತೀವಿ, ಬೆಲ್ ಹೊಡೆಯುತ್ತೆ. ನಾನೂ ಎಷ್ಟೋ ವರ್ಷ ಹೀಗೇ ಪಾಠ ಮಾಡಿದ್ದೇನೆ.

ಒಂದು ದಿನ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು, "ಮಿಸ್, ಚಪಾತಿ ಯಾಕೆ ದುಂಡಗೇ ಇರುತ್ತೆ? ಚೌಕ ಮಾಡಿದ್ರೆ ಡಬ್ಬಿಗೆ ಸರಿಯಾಗಿ ಕೂರುತ್ತಲ್ವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಅಡುಗೆಯಕ್ಕನ ಹತ್ತಿರ ಒಂದಿಷ್ಟು ಕಲಸಿದ ಹಿಟ್ಟು ಇಸಕೊಂಡು ಬಂದೆ. ಉಂಡೆ ಮಾಡಿ ತಟ್ಟಿದರೆ ಅದು ಎಲ್ಲ ಕಡೆಗೂ ಒಂದೇ ಸಮ ಹರಡಿಕೊಂಡು ತಾನಾಗೇ ದುಂಡಗಾಗುತ್ತೆ. ಚೌಕ ಬೇಕಂದರೆ ಅಂಚು ಕತ್ತರಿಸಬೇಕು, ಹಿಟ್ಟು ಮಿಗುತ್ತೆ. ಇದನ್ನು ಕಂಡುಕೊಂಡವರು ಮಕ್ಕಳೇ. 'ನಡುವಿನಿಂದ ಎಲ್ಲ ಕಡೆಗೂ ಒಂದೇ ದೂರ' ಅನ್ನುವ ಮಾತು ಆ ದಿನ ಪುಸ್ತಕ ತೆಗೆಯದೆಯೇ ಕ್ಲಾಸಿಗೆ ಬಂತು.

ಅಲ್ಲಿಂದ ನನ್ನ ಪಾಠದ ಪ್ರಶ್ನೆ ಬದಲಾಯಿತು. "ಇದು ಯಾವ ಆಕಾರ?" ಅಂತ ಕೇಳುವ ಜಾಗದಲ್ಲಿ "ಇದು ಯಾಕೆ ಈ ಆಕಾರ?" ಅಂತ ಕೇಳುತ್ತೇನೆ. ಕೆಳಗಿನ ಏಳು ಹಂತಗಳೂ ಈ ಪ್ರಶ್ನೆಯ ಮೇಲೇ ನಿಂತಿವೆ. ಒಂದರಿಂದ ಐದನೇ ಕ್ಲಾಸಿನವರೆಗೆ ಹೊಂದುತ್ತವೆ. ಮೊದಲ ಮೂರು ಹಂತ ನಲಿ-ಕಲಿ (ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ಕ್ಲಾಸಿನ ಚಟುವಟಿಕೆ ಕಲಿಕೆ) ಮಕ್ಕಳಿಗೂ ಸಾಕು, ಕೊನೆಯ ಮೂರು ನಾಲ್ಕು-ಐದನೇ ಕ್ಲಾಸಿನವರಿಗೆ. ಮನೆಯಲ್ಲಿ ಮಕ್ಕಳ ಜೊತೆ ಮಾಡುವ ಅಪ್ಪ-ಅಮ್ಮಂದಿರಿಗೂ ಇವು ಕಷ್ಟವಿಲ್ಲ.

1. ಚೀಲದೊಳಗೆ ಕೈ

ಒಂದು ಬಟ್ಟೆ ಚೀಲ ತಗೊಳ್ಳಿ. ಬೆಂಕಿಪೊಟ್ಟಣ, ಗೋಲಿ, ಬಳೆ, ನಾಣ್ಯ, ಬುಗುರಿ, ಲೂಡೋ ದಾಳ, ದಾರದ ಖಾಲಿ ರೀಲು, ಟೂತ್‌ಪೇಸ್ಟ್ ಡಬ್ಬಿ ಹಾಕಿ. ಮಗು ನೋಡದೆ ಕೈ ಹಾಕಿ ಒಂದು ವಸ್ತು ಹಿಡಿಯಬೇಕು, ಅದರ ಹೆಸರು ಹೇಳದೆ ಬಣ್ಣಿಸಬೇಕು. ಉಳಿದವರು ಊಹಿಸಬೇಕು. "ಒಂದು ಕಡೆ ಚೂಪು, ಮೇಲೆ ದಪ್ಪ, ಉರುಳುತ್ತೆ ಆದ್ರೆ ನೆಟ್ಟಗೆ ಹೋಗಲ್ಲ" ಅಂತ ಒಬ್ಬ ಬುಗುರಿಯನ್ನು ಬಣ್ಣಿಸಿದ್ದ. ಶಂಕುವಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕೇಳಿಲ್ಲ.

ಆಮೇಲೆ ಒಂದು ಹಲಗೆಯನ್ನು ಇಟ್ಟಿಗೆಗೆ ಒರಗಿಸಿ ಇಳಿಜಾರು ಮಾಡಿ. ಯಾವುದು ಉರುಳುತ್ತೆ, ಯಾವುದು ಜಾರುತ್ತೆ, ಯಾವುದು ಎರಡೂ ಮಾಡುತ್ತೆ? ನಾಣ್ಯ ನಿಲ್ಲಿಸಿದರೆ ಉರುಳುತ್ತೆ, ಮಲಗಿಸಿದರೆ ಜಾರುತ್ತೆ. ಮಕ್ಕಳು ಮೂರು ಗುಂಪು ಮಾಡಿ ಇಡಲಿ. ಜಗಳ ಆಗುತ್ತೆ, ಆಗಲಿ ಬಿಡಿ.

ಇಲ್ಲಿ ದೊಡ್ಡವರೇ ಮಾಡುವ ಒಂದು ತಪ್ಪಿದೆ. ಚೆಂಡನ್ನು ತೋರಿಸಿ ವೃತ್ತ ಅಂತೀವಿ, ಐಸ್‌ಕ್ರೀಂ ಕೋನನ್ನು ತ್ರಿಭುಜ ಅಂತೀವಿ. ಚೆಂಡು ಗೋಳ, ಕೋನು ಶಂಕು. ವೃತ್ತ, ತ್ರಿಭುಜ ಎರಡೂ ಚಪ್ಪಟೆ, ಕೈಯಲ್ಲಿ ಹಿಡಿಯೋಕಾಗಲ್ಲ. ಅದಕ್ಕೇ ನಾನು ಹಿಡಿಯಲು ಸಿಗುವ ಘನ ವಸ್ತುಗಳಿಂದ ಶುರು ಮಾಡುತ್ತೇನೆ. ಚಪ್ಪಟೆ ಆಕಾರಗಳು ಅವುಗಳ ಮೈಯಿಂದಲೇ ಹುಟ್ಟಲಿ.

2. ಅಚ್ಚು ಒತ್ತಿ, ಡಬ್ಬಿ ಬಿಚ್ಚಿ

ಒಂದು ತಟ್ಟೆಯಲ್ಲಿ ಒದ್ದೆ ಮಣ್ಣು ಹರಡಿ, ಬೆಂಕಿಪೊಟ್ಟಣದ ಒಂದೊಂದೇ ಮುಖ ಒತ್ತಿ. ಮೂರು ಥರದ ಆಯತ ಬರುತ್ತೆ, ಒಂದೊಂದೂ ಎರಡೆರಡು ಸಲ. ದಾಳ ಒತ್ತಿದರೆ ಆರೂ ಮುಖ ಒಂದೇ. ಬಾಟಲಿ ಮುಚ್ಚಳ ಒತ್ತಿದರೆ ವೃತ್ತ. ಗೋಲಿ ಒತ್ತಿದರೆ? ಬರೀ ಒಂದು ಗುಳಿ, ಅದೂ ಎಷ್ಟು ಜೋರಾಗಿ ಒತ್ತಿದ್ದೀರಿ ಅನ್ನುವುದರ ಮೇಲೆ ದೊಡ್ಡದು ಚಿಕ್ಕದು. ಗೋಲಿಗೆ ಚಪ್ಪಟೆ ಮುಖವೇ ಇಲ್ಲ ಅಂತ ಇದರಲ್ಲೇ ಗೊತ್ತಾಗಿಬಿಡುತ್ತೆ.

ಟೂತ್‌ಪೇಸ್ಟ್ ಡಬ್ಬಿಯನ್ನು ಅಂಚುಗುಂಟ ಬಿಚ್ಚಿ ನೆಲದ ಮೇಲೆ ಹರಡಿ. ಮತ್ತೆ ಮಡಚಿ. ನಾಲ್ಕನೇ ಕ್ಲಾಸಿನವರಿಗಾದರೆ ಬಿಚ್ಚುವ ಮುಂಚೆ "ಹರಡಿದಾಗ ಹೇಗೆ ಕಾಣುತ್ತೆ, ಬರೀರಿ" ಅನ್ನಿ.

3. ಪೊರಕೆ ಕಡ್ಡಿ ಮತ್ತು ಸೊಟ್ಟ ಚೌಕ

ಚೌಕಾಕಾರದ ಒಂದು ರಟ್ಟನ್ನು ಗೋಡೆಗೆ ನೇರವಾಗಿ ಹಿಡಿದು ಇದೇನು ಅಂತ ಕೇಳಿ. "ಚೌಕ!" ಅಂತಾರೆ. ಅದೇ ರಟ್ಟನ್ನು ಮೂಲೆಯ ಮೇಲೆ ನಿಲ್ಲುವ ಹಾಗೆ ತಿರುಗಿಸಿ ಮತ್ತೆ ಕೇಳಿ. ಅರ್ಧ ಕ್ಲಾಸು "ಡೈಮಂಡ್" ಅನ್ನುತ್ತೆ. ಅವರ ಕಣ್ಣೆದುರೇ ತಿರುಗಿಸಿದ್ದೇವೆ, ಆದರೂ! ತ್ರಿಭುಜದ ಕಥೆಯೂ ಅಷ್ಟೇ. ಚೂಪು ಮೇಲಿದ್ದರೆ ತ್ರಿಭುಜ, ತಲೆಕೆಳಗಾದರೆ "ಉಲ್ಟಾ ತ್ರಿಭುಜ", ಉದ್ದಕ್ಕೆ ಸಣ್ಣಗಿದ್ದರೆ ಅದು ತ್ರಿಭುಜವೇ ಅಲ್ಲ.

ಮಕ್ಕಳ ದಡ್ಡತನ ಅಲ್ಲ ಇದು. ನಾವು ಬೋರ್ಡಿನ ಮೇಲೆ ಪ್ರತಿ ಸಲ ಒಂದೇ ಭಂಗಿಯಲ್ಲಿ ಬರೆದಿದ್ದೇವೆ, ಅವರು ಅದನ್ನೇ ಕಲಿತಿದ್ದಾರೆ. ನೆದರ್‌ಲ್ಯಾಂಡ್ಸಿನ ಡೀನಾ ಮತ್ತು ಪಿಯರ್ ವಾನ್ ಹೀಲೆ ಅನ್ನುವ ಶಿಕ್ಷಕ ದಂಪತಿ 1957ರ ತಮ್ಮ ಪ್ರಬಂಧಗಳಲ್ಲಿ ಈ ವಿಷಯವನ್ನೇ ಬಿಡಿಸಿಟ್ಟಿದ್ದರು. ಮಗು ಮೊದಲು ಆಕಾರವನ್ನು ಒಟ್ಟಾರೆ ನೋಟದಿಂದಲೇ ಗುರುತು ಹಿಡಿಯುತ್ತೆ. ಎಷ್ಟು ಬಾಹು, ಎಂಥ ಮೂಲೆ ಅಂತ ಗುಣ ನೋಡುವುದು ಆಮೇಲಿನ ಮೆಟ್ಟಿಲು. ಮಗು ಕೆಳಗಿನ ಮೆಟ್ಟಿಲಲ್ಲಿ ನಿಂತಿರುವಾಗ ನಾವು ಮೇಲಿನ ಮೆಟ್ಟಿಲ ಭಾಷೆ ಮಾತಾಡಿದರೆ ಏನೂ ತಲೆಗೆ ಹತ್ತಲ್ಲ.

ಆ ಮೆಟ್ಟಿಲು ಹತ್ತಿಸಲು ನನಗೆ ಸಿಕ್ಕ ಒಳ್ಳೆಯ ಸಾಮಾನು ಅಂದರೆ ತೆಂಗಿನ ಪೊರಕೆ ಕಡ್ಡಿ ಮತ್ತು ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬ್ ಅನ್ನುವ ಸಣ್ಣ ರಬ್ಬರ್ ಕೊಳವೆ. ಟ್ಯೂಬನ್ನು ಒಂದೂವರೆ ಸೆಂಟಿಮೀಟರ್ ತುಂಡು ಮಾಡಿ. ಎರಡು ಕಡ್ಡಿಗಳ ತುದಿಯನ್ನು ಒಂದು ತುಂಡಿನ ಎರಡೂ ಕಡೆಯಿಂದ ತೂರಿಸಿದರೆ ಬಾಗುವ ಮೂಲೆ ಸಿದ್ಧ. ಕಡ್ಡಿ ತೆಳ್ಳಗಿದ್ದು ಜಾರಿದರೆ ಬೆಂಕಿಕಡ್ಡಿ ಬಳಸಿ, ಮದ್ದಿರುವ ತುದಿ ಮುರಿದು ತೆಗೆದು ಕೊಡಿ.

ಪ್ರತಿ ಮಗುವೂ ಒಂದು ತ್ರಿಭುಜ, ಒಂದು ಚೌಕ ಮಾಡಲಿ. ಆಮೇಲೆ ಮೂಲೆಯನ್ನು ಮೆಲ್ಲಗೆ ಒತ್ತಲು ಹೇಳಿ. ಚೌಕ ತಕ್ಷಣ ಸೊಟ್ಟಗಾಗಿ ವಜ್ರಾಕೃತಿ ಆಗುತ್ತೆ. ತ್ರಿಭುಜ ಜಪ್ಪಯ್ಯ ಅಂದರೂ ಅಲುಗಲ್ಲ. ಈಗ ಕೇಳಿ: ಸೊಟ್ಟ ಚೌಕದಲ್ಲಿ ಕಡ್ಡಿಗಳ ಉದ್ದ ಬದಲಾಯಿತಾ? ಇಲ್ಲ. ಹಾಗಾದರೆ ಬದಲಾಗಿದ್ದು ಏನು? ಸ್ವಲ್ಪ ಹೊತ್ತು ಸುಮ್ಮನಿರಿ. "ಮೂಲೆ" ಅನ್ನುವ ಉತ್ತರ ಬಂದೇ ಬರುತ್ತೆ. ಈ ಉತ್ತರ ಮುಂದೆ ಆರನೇ ಹಂತದಲ್ಲಿ ಬೇಕಾಗುತ್ತೆ, ನೆನಪಿರಲಿ.

ಸೊಟ್ಟ ಚೌಕ ಅಲುಗದ ಹಾಗೆ ಮಾಡಲು ಏನು ಮಾಡಬೇಕು? ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ, ಚೌಕದ ಕಡ್ಡಿಗಿಂತ ಸ್ವಲ್ಪ ಉದ್ದದ್ದು. ಈಗ ಮಕ್ಕಳನ್ನು ಹೊರಗೆ ಕರಕೊಂಡು ಹೋಗಿ. ಸ್ಕೂಲ್ ಗೇಟಿನ ಓರೆಪಟ್ಟಿ, ಶೀಟಿನ ಛಾವಣಿಯ ಕೆಳಗಿನ ಕಬ್ಬಿಣ, ವಿದ್ಯುತ್ ಗೋಪುರ, ಸೈಕಲ್ ಫ್ರೇಮು ಎಲ್ಲಾ ತೋರಿಸಿ. ಆ ಓರೆ ಪಟ್ಟಿಗಳು ಅಂದಕ್ಕೆ ಹಾಕಿದ್ದಲ್ಲ ಅಂತ ಅವರೇ ನಿಮಗೆ ಹೇಳುತ್ತಾರೆ.

4. ಚುಕ್ಕಿ ಇಟ್ಟು ಗೆರೆ ಎಳೆದು

ರಂಗೋಲಿ ಹುಡುಗಿಯರ ಕೆಲಸ ಅಂತ ಹುಡುಗರು ಹಿಂದೆ ಸರಿದರೆ ಅವರ ಕೈಗೇ ಮೊದಲು ಪುಡಿ ಕೊಡಿ. ನಮ್ಮ ಸ್ಕೂಲಲ್ಲಿ ಈಗ ನಾಲ್ಕು ಹುಡುಗರು ಹಬ್ಬದ ದಿನ ಮನೆ ಮುಂದೆಯೂ ಬಿಡುತ್ತಾರೆ.

ಎರಡು ಥರ ಚುಕ್ಕಿ ಇಡಿಸಿ. ಒಂದು ನೇರ ಚುಕ್ಕಿ: ಸಾಲುಗಳಲ್ಲಿ 1, 3, 5, 7, 5, 3, 1, ಒಂದರ ಕೆಳಗೆ ಒಂದು ಸರಿಯಾಗಿ. ಇನ್ನೊಂದು ಸಂದು ಚುಕ್ಕಿ: 4, 5, 6, 7, 6, 5, 4, ಮೇಲಿನ ಎರಡು ಚುಕ್ಕಿಯ ಸಂದಿಗೆ ಕೆಳಗಿನ ಚುಕ್ಕಿ. ಮೊದಲನೆಯದರಲ್ಲಿ 25 ಚುಕ್ಕಿ, ಎರಡನೆಯದರಲ್ಲಿ 37. ಎರಡರಲ್ಲೂ ನಡುವಿನ ಸಾಲು ಏಳೇ. ಹೊರಗಿನ ಚುಕ್ಕಿಗಳನ್ನು ಸೇರಿಸಿದರೆ ಒಂದು ಮೂಲೆಯ ಮೇಲೆ ನಿಂತ ಚೌಕವಾಗುತ್ತೆ, ಇನ್ನೊಂದು ಷಡ್ಭುಜ. ನೇರ ಚುಕ್ಕಿಯಲ್ಲಿ ಚೌಕ, ಆಯತ ಸಲೀಸು. ಸಂದು ಚುಕ್ಕಿಯಲ್ಲಿ ತ್ರಿಭುಜ, ನಕ್ಷತ್ರ, ಆರೆಸಳಿನ ಹೂವು ಸಲೀಸು. ಯಾಕೆ? ಒಂದು ಚುಕ್ಕಿಯ ಸುತ್ತ ತೀರಾ ಹತ್ತಿರದ ಚುಕ್ಕಿ ಎಷ್ಟಿವೆ ಅಂತ ಎಣಿಸಲು ಹೇಳಿ. ನೇರದಲ್ಲಿ ನಾಲ್ಕು, ಸಂದಿನಲ್ಲಿ ಆರು.

ಆಮೇಲೆ ಒಂದು ಚಿಕ್ಕ ಕನ್ನಡಿ ತಂದು ರಂಗೋಲಿಯ ನಡುಗೆರೆಯ ಮೇಲೆ ನಿಲ್ಲಿಸಿ. ಕನ್ನಡಿಯಲ್ಲಿ ಕಾಣುವುದೂ ಹಿಂದೆ ಅಡಗಿರುವುದೂ ಒಂದೇ ಆದರೆ ಅದು ಸಮಮಿತಿ ಗೆರೆ. ಎಷ್ಟು ಕಡೆ ಕನ್ನಡಿ ನಿಲ್ಲಿಸಬಹುದು ಅಂತ ಹುಡುಕಲಿ. ಇಲ್ಲೊಂದು ಸೂಕ್ಷ್ಮ ಇದೆ. ಕಾಗದದ ಗಿರಗಿಟ್ಲೆ ಎಷ್ಟು ಒಪ್ಪವಾಗಿ ಕಂಡರೂ ಅದರ ಮೇಲೆ ಕನ್ನಡಿ ಎಲ್ಲಿಟ್ಟರೂ ಹೊಂದಲ್ಲ. ಆದರೆ ಕಾಲು ಸುತ್ತು ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತೆ. ಕನ್ನಡಿ ಸಮಮಿತಿ ಬೇರೆ, ತಿರುಗುವ ಸಮಮಿತಿ ಬೇರೆ. ಹೆಸರು ಹೇಳದಿದ್ದರೂ ಪರವಾಗಿಲ್ಲ, ವ್ಯತ್ಯಾಸ ಕಂಡರೆ ಸಾಕು.

5. ಹರಿದ ಕಾಗದದಿಂದ ಲಂಬಕೋನ

ಯಾವುದಾದರೂ ರದ್ದಿ ಕಾಗದ ಕೊಡಿ. ಅಂಚು ಹರಿದು ಅಡ್ಡಾದಿಡ್ಡಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಸಲ ಹೇಗಾದರೂ ಮಡಚಿ. ಮಡಚಿದ ಗೆರೆ ತನ್ನ ಮೇಲೇ ಸರಿಯಾಗಿ ಕೂರುವ ಹಾಗೆ ಇನ್ನೊಂದು ಸಲ ಮಡಚಿ. ಮಡಿಕೆಗಳು ಸೇರುವ ಮೂಲೆ ಪಕ್ಕಾ 90 ಡಿಗ್ರಿ. ನಮ್ಮ ಕ್ಲಾಸಿನಲ್ಲಿ ಇದಕ್ಕೆ 'ಮೂಲೆ ಪೊಲೀಸ್' ಅಂತ ಹೆಸರು. ಇದನ್ನು ಹಿಡಕೊಂಡು ಮಕ್ಕಳು ಸ್ಕೂಲಿಡೀ ತಿರುಗಲಿ. ಕಿಟಕಿಯ ಮೂಲೆಗೆ ಕೂರುತ್ತಾ? ಬೆಂಚಿನ ಮೂಲೆಗೆ? ಮೂರು ಗಂಟೆ ತೋರಿಸುವ ಗಡಿಯಾರದ ಮುಳ್ಳುಗಳ ನಡುವೆ? ಕೂತರೆ ಲಂಬಕೋನ, ಮೂಲೆಯೊಳಗೆ ಪೊಲೀಸ್ ಹಿಡಿಸದಿದ್ದರೆ ಲಘುಕೋನ, ಹಿಡಿಸಿಯೂ ಜಾಗ ಮಿಕ್ಕಿದರೆ ವಿಶಾಲಕೋನ. ಕೋನಮಾಪಕ ಈಗಲೇ ಕೊಡಬೇಡಿ. ಅದರ ಮೇಲೆ ಎರಡು ಸಾಲು ಅಂಕಿ ಇರುತ್ತೆ, ಕೋನ ಅಂದರೇನು ಅಂತ ತಿಳಿಯುವ ಮುಂಚೆಯೇ ಯಾವ ಸಾಲು ಓದಬೇಕು ಅನ್ನುವ ಗೊಂದಲ ಶುರುವಾಗುತ್ತೆ.

ಬಾಹು ಉದ್ದ ಇದ್ದರೆ ಕೋನ ದೊಡ್ಡದು ಅಂತ ತುಂಬಾ ಮಕ್ಕಳು ನಂಬಿರುತ್ತಾರೆ. ಅದಕ್ಕೆ ಕ್ಲಾಸಿನ ಬಾಗಿಲೇ ಮದ್ದು. ಬಾಗಿಲನ್ನು ಗೋಡೆಗೆ ಲಂಬವಾಗುವಷ್ಟು ತೆರೆಯಿರಿ, ಒಂದು ನೋಟ್‌ಬುಕ್ಕನ್ನೂ ಅಷ್ಟೇ ತೆರೆಯಿರಿ. ಎರಡಕ್ಕೂ ಅದೇ ಮೂಲೆ ಪೊಲೀಸ್ ಹೊಂದುತ್ತೆ. ಬಾಗಿಲು ಎಷ್ಟು ದೊಡ್ಡದು ಅನ್ನುವುದಲ್ಲ, ಎಷ್ಟು ತಿರುಗಿತು ಅನ್ನುವುದು ಕೋನ.

6. ಮೇಸ್ತ್ರಿಯ ಮೂರು-ನಾಲ್ಕು-ಐದು

ನನಗೆ ಎಲ್ಲಕ್ಕಿಂತ ಇಷ್ಟದ ಪಾಠ ಇದು. ಶುರುವಾಗಿದ್ದು ನನ್ನ ತಪ್ಪಿನಿಂದ.

ಕ್ರೀಡಾಕೂಟಕ್ಕೆ ಖೋ-ಖೋ ಅಂಕಣ ಹಾಕಬೇಕಿತ್ತು. 27 ಮೀಟರ್ ಉದ್ದ, 16 ಮೀಟರ್ ಅಗಲ. ಟೇಪು ಹಿಡಿದು ನಾಲ್ಕೂ ಬದಿ ಸರಿಯಾಗಿ ಅಳೆದು ಸುಣ್ಣದ ಪುಡಿ ಹಾಕಿದೆವು. ದೂರ ನಿಂತು ನೋಡಿದರೆ ಅಂಕಣ ಒಂದು ಕಡೆಗೆ ವಾಲಿದ ಹಾಗಿದೆ. ಮತ್ತೆ ಅಳೆದರೆ ಅಳತೆ ಸರಿ ಇದೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ನಕ್ಕ. "ಮಿಸ್, ಕಡ್ಡಿ ಚೌಕ ಸೊಟ್ಟ ಆಗಿತ್ತಲ್ಲ, ಹಂಗಾಗಿದೆ. ನಮ್ಮಪ್ಪನ್ನ ಕರೀಲಾ?" ಅವನಪ್ಪ ಗಾರೆ ಕೆಲಸದ ಮೇಸ್ತ್ರಿ.

ಮೇಸ್ತ್ರಿ ಬಂದು ಮೂಲೆಯಲ್ಲಿ ಗೂಟ ಹೊಡೆದರು. ಒಂದು ಕಡೆ ದಾರ ಎಳೆದು 3 ಅಡಿಗೆ ಗುರುತು, ಇನ್ನೊಂದು ಕಡೆ ದಾರ ಎಳೆದು 4 ಅಡಿಗೆ ಗುರುತು. ಆ ಎರಡು ಗುರುತುಗಳ ನಡುವೆ ಟೇಪು ಹಿಡಿದು, ಸರಿಯಾಗಿ 5 ಅಡಿ ಬರುವ ತನಕ ಎರಡನೇ ದಾರವನ್ನು ಆಚೆ ಈಚೆ ಸರಿಸಿದರು. "ಮೂಲೆ ಕೂತ್ಕೊಂತು ನೋಡಿ" ಅಂದರು. ಮಕ್ಕಳು ಓಡಿಹೋಗಿ ಮೂಲೆ ಪೊಲೀಸ್ ಇಟ್ಟು ನೋಡಿದರು. ಕೂತಿತ್ತು. ದೊಡ್ಡ ಅಂಕಣಕ್ಕೆ 3-4-5 ಅಡಿ ಸಾಲದು, ಸಣ್ಣ ತಪ್ಪೂ ದೂರ ಹೋದಷ್ಟು ದೊಡ್ಡದಾಗುತ್ತೆ ಅಂತ ಹೇಳಿ, ಅಡಿ ಬಿಟ್ಟು ಮೀಟರ್‌ನಲ್ಲಿ ಅದನ್ನೇ ಮತ್ತೆ ಮಾಡಿದರು.

ನೀವು ಮಾಡುವುದು ಹೀಗೆ. ಒಂದು ಗಟ್ಟಿ ಹಗ್ಗಕ್ಕೆ ಒಂದೊಂದು ಅಡಿಗೆ ಗಂಟು ಹಾಕಿ, 12 ಅಡಿಗೆ ತುದಿ ಸೇರಿಸಿ ಕಟ್ಟಿ. ಹಿಗ್ಗುವ ಪ್ಲಾಸ್ಟಿಕ್ ದಾರ ಬೇಡ. ಗಂಟು ಹಾಕುವಾಗ ಹಗ್ಗ ಕಡಿಮೆಯಾಗುತ್ತೆ, ಅದಕ್ಕೇ ಒಂದು ಗಂಟು ಹಾಕಿದ ಮೇಲೇ ಮುಂದಿನ ಅಡಿ ಅಳೆಯಿರಿ. ಮೂವರು ಮಕ್ಕಳು 3, 4, 5 ಗಂಟುಗಳ ಅಂತರದಲ್ಲಿ ಹಿಡಿದು ಬಿಗಿಯಾಗಿ ಎಳೆಯಲಿ. 3 ಮತ್ತು 4 ಸೇರುವ ಕಡೆ ಲಂಬಕೋನ. ಆಮೇಲೆ 4-4-4 ಹಿಡಿದು ನೋಡಲಿ, 2-5-5 ನೋಡಲಿ. 2-4-6 ಹಿಡಿಯಿರಿ ಅಂದರೆ ಹಗ್ಗ ಚಪ್ಪಟೆಯಾಗಿ ನೆಟ್ಟಗೆ ಮಲಗಿಬಿಡುತ್ತೆ, ತ್ರಿಭುಜವೇ ಆಗಲ್ಲ. ಯಾಕಂತ ಕೇಳಿ.

ಪೂರ್ತಿ ಆಯತ ಹಾಕಿದ ಮೇಲೆ ಪರೀಕ್ಷೆ ಮಾಡಲು ಇನ್ನೊಂದು ದಾರಿ ಇದೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎದುರು ಬದುರು ಬದಿಗಳು ಸಮ ಇದ್ದು, ಎರಡೂ ಕರ್ಣ ಸಮ ಬಂದರೆ ಆಯತ ನೆಟ್ಟಗಿದೆ. ಖೋ-ಖೋ ಅಂಕಣಕ್ಕೆ ಎರಡೂ ಸುಮಾರು 31 ಮೀಟರ್ 38 ಸೆಂಟಿಮೀಟರ್ ಬರಬೇಕು.

ಮೇಸ್ತ್ರಿ ಹತ್ತಿರ ಮೂಲೆಮಟ್ಟ, ತೂಗುಗುಂಡು, ನೀರು ತುಂಬಿದ ಪೈಪು ಇದ್ದರೆ ಅವನ್ನೂ ತರಲು ಹೇಳಿ. ಗುಂಡು ಕಟ್ಟಿದ ದಾರ ಗೋಡೆ ನೆಟ್ಟಗಿದೆಯಾ ಅಂತ ಹೇಳುತ್ತೆ, ಪೈಪಿನ ನೀರು ನೆಲ ಮಟ್ಟವಾಗಿದೆಯಾ ಅಂತ ಹೇಳುತ್ತೆ. ಹಗ್ಗ ಹಿಡಿದು ಲೆಕ್ಕ ಮಾಡುವುದು ನಮ್ಮಲ್ಲಿ ಹೊಸದೂ ಅಲ್ಲ. ಯಜ್ಞವೇದಿಕೆ ಅಳೆಯುವ ಹಳೆಯ ಶುಲ್ಬಸೂತ್ರಗಳ 'ಶುಲ್ಬ' ಅಂದರೆ ಹಗ್ಗವೇ. ಮೇಸ್ತ್ರಿಗೆ ಆ ಸೂತ್ರಗಳಲ್ಲೊಂದನ್ನು ಬರೆದ ಬೌಧಾಯನನೂ ಗೊತ್ತಿಲ್ಲ, ಲಂಬಕೋನ ತ್ರಿಭುಜದ ನಿಯಮಕ್ಕೆ ಹೆಸರಾದ ಪೈಥಾಗೊರಸನೂ ಗೊತ್ತಿಲ್ಲ. ಆ ದಿನ ಅವರ ಮಗ ಮಾತ್ರ ಎದೆ ಉಬ್ಬಿಸಿಕೊಂಡು ಓಡಾಡಿದ.

7. ಬಳೆ ಮತ್ತು ಗುಂಟೆ

ಬಳೆ ಅಂಗಡಿಯಲ್ಲಿ "ಎರಡು-ನಾಲ್ಕು ಕೊಡಿ, ಎರಡು-ಆರು ಕೊಡಿ" ಅಂತ ಕೇಳುತ್ತೇವಲ್ಲ, ಅದು ಬಳೆಯ ಒಳಗಿನ ವ್ಯಾಸ. ಎರಡು-ನಾಲ್ಕು ಅಂದರೆ 2 ಇಂಚು, ಜೊತೆಗೆ ಇಂಚಿನ 16 ಪಾಲಿನಲ್ಲಿ 4 ಪಾಲು. ಅಂದರೆ ಎರಡೂಕಾಲು ಇಂಚು. ಎರಡು-ಎಂಟು ಅಂದರೆ ಎರಡೂವರೆ. ದಿನಾ ಬಳೆ ಹಾಕುವ ಎಷ್ಟೋ ಜನಕ್ಕೇ ಇದು ಗೊತ್ತಿರಲ್ಲ. ಬೇರೆ ಬೇರೆ ಅಳತೆಯ ತೆಳು ಬಳೆ ತಂದು ದಾರ ಸುತ್ತಿಸಿ. ಆ ದಾರವನ್ನು ಬಿಡಿಸಿ ಬಳೆಯ ವ್ಯಾಸದ ಪಕ್ಕ ಇಟ್ಟರೆ ಪ್ರತಿ ಸಲ ಮೂರು ಸಲ ಹಿಡಿದು ಚೂರು ಮಿಗುತ್ತೆ. ಸೈಕಲ್ ಚಕ್ರಕ್ಕೂ ಅಷ್ಟೇ, ಬಾವಿಗೂ ಅಷ್ಟೇ. ಪೈ ಅನ್ನುವ ಹೆಸರು ದೊಡ್ಡ ಕ್ಲಾಸಿಗೆ ಇರಲಿ.

ಸುತ್ತಳತೆ, ವಿಸ್ತೀರ್ಣ ಎರಡನ್ನೂ ಮಕ್ಕಳು ಸದಾ ಅದಲು ಬದಲು ಮಾಡುತ್ತಾರೆ. 24 ಅಡಿ ಹಗ್ಗದಿಂದ ಕುರಿದೊಡ್ಡಿ ಕಟ್ಟಲು ಹೇಳಿ. ನಾಲ್ಕು ಮಕ್ಕಳು ಮೂಲೆಗಳಲ್ಲಿ ನಿಲ್ಲಲಿ, ಉಳಿದವರು ಕುರಿಗಳು. 11ಕ್ಕೆ 1 ಅಡಿ ದೊಡ್ಡಿ ಮಾಡಿದರೆ ಒಳಗೆ 11 ಚದರಡಿ, ಕುರಿಗಳು ಒಬ್ಬರ ಮೇಲೊಬ್ಬರು. 8ಕ್ಕೆ 4 ಮಾಡಿದರೆ 32. 6ಕ್ಕೆ 6 ಮಾಡಿದರೆ 36. ಹಗ್ಗ ಅದೇ, ಜಾಗ ಬೇರೆ. ಇದನ್ನು ಒಮ್ಮೆ ಮೈಯಲ್ಲಿ ಅನುಭವಿಸಿದ ಮಗು ಎರಡನ್ನೂ ಕಲಸಿಕೊಳ್ಳುವುದು ಬಹಳ ಕಡಿಮೆ.

ಕೊನೆಗೆ ಮೈದಾನದಲ್ಲಿ ಒಂದು ಗುಂಟೆ ಹಾಕಿ. 33 ಅಡಿಗೆ 33 ಅಡಿ, 1,089 ಚದರಡಿ. ಹಳ್ಳಿ ಮಕ್ಕಳು ಗುಂಟೆ ಅನ್ನುವ ಮಾತು ಹುಟ್ಟಿದಾಗಿನಿಂದ ಕೇಳಿರುತ್ತಾರೆ, ಅದು ಎಷ್ಟು ದೊಡ್ಡದು ಅಂತ ನಿಂತು ನೋಡಿರುವುದಿಲ್ಲ. ಇಂಥ 40 ಸೇರಿದರೆ ಎಕರೆ. ಪೇಟೆ ಮಕ್ಕಳಾದರೆ ಥರ್ಟಿ-ಫಾರ್ಟಿ ಸೈಟು ಹಾಕಿ, 1,200 ಚದರಡಿ. ಯಾವುದು ದೊಡ್ಡದು ಅಂತ ಮೊದಲು ಊಹೆ ಬರೆಸಿ. ಒಂದು ಎಚ್ಚರಿಕೆ: "ನಿಮ್ಮ ಮನೆಯವರದು ಎಷ್ಟು ಎಕರೆ?" ಅಂತ ಕ್ಲಾಸಲ್ಲಿ ಕೇಳಲೇಬೇಡಿ. ಜಮೀನಿಲ್ಲದ ಮನೆಯ ಮಗು ಅವತ್ತಿನ ಲೆಕ್ಕ ಪೂರ್ತಿ ತಲೆ ತಗ್ಗಿಸಿಕೊಂಡೇ ಕೂತಿರುತ್ತೆ.

ಕಲಿತಿದ್ದಾರಾ ಅಂತ ನೋಡುವುದು ಹೇಗೆ?

ಒಂದೊಂದು ಹಂತಕ್ಕೆ ಎರಡು ಮೂರು ಪೀರಿಯಡ್ ಸಾಕು. ಆರನೆಯದಕ್ಕೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಹೊಂದಿಸಿ ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ ಕೊಟ್ಟರೆ ಮತ್ತೆ ಹೆಸರಿಗೇ ಬಂದು ನಿಲ್ಲುತ್ತೇವೆ. ನಾನು ಒಂದು ಆಟ ಆಡಿಸುತ್ತೇನೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಕೈಯಲ್ಲಿ ಆಕಾರದ ಚೀಟಿ, ಇನ್ನೊಬ್ಬರ ಕೈಯಲ್ಲಿ ಸ್ಲೇಟು. ಆಕಾರದ ಹೆಸರು ಹೇಳುವ ಹಾಗಿಲ್ಲ, ಬಾಯಲ್ಲಿ ವಿವರಿಸಿಯೇ ಬರೆಸಬೇಕು. ಹೋದ ತಿಂಗಳು ಮೂರನೇ ಕ್ಲಾಸಿನ ಇಬ್ಬರು ಆಡುತ್ತಿದ್ದರು.

"ನಾಲ್ಕು ಗೆರೆ. ಎಲ್ಲಾ ಒಂದೇ ಉದ್ದ."

ಇನ್ನೊಬ್ಬ ಬರೆದು ಸ್ಲೇಟನ್ನು ಹಿಂದಕ್ಕೆ ತೋರಿಸಿದ. ಸೊಟ್ಟ ಚೌಕ.

ಮೊದಲನೆಯವಳು ಒಂದು ಕ್ಷಣ ಯೋಚಿಸಿದಳು. "ನೀನು ಬರ್ದಿದ್ದು ಸರಿ ಕಣೋ, ನಾನೇ ಪೂರ್ತಿ ಹೇಳಿಲ್ಲ. ಮೂಲೆಗೆ ಪೊಲೀಸ್ ಕೂರ್ಬೇಕು."